ಮೆಟಾಡೇಟಾ ಮಾನದಂಡದ ಕರಡು: 62 ಕಾಲಂಗಳಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕು?

ಓಲೆಗರಿ:
ಹಸ್ತಪ್ರತಿಗಳ ಸ್ಕ್ಯಾನ್ ಸಂಗ್ರಹಕ್ಕೆ ಮೆಟಾಡೇಟಾ (ಕಡತಗಳ ಕುರಿತ ಮಾಹಿತಿ) ಮಾನದಂಡ ರೂಪಿಸಬೇಕಿದೆ. ಸುಮಾರು 40,000 ಟಿಫ್ (ಚಿತ್ರದ ಒಂದು ಫಾರ್ಮ್ಯಾಟ್) ಕಡತಗಳು, ಅವುಗಳಿಂದ ಮಾಡಿದ ಪಿಡಿಎಫ್‌ಗಳು ಇವೆ. ಸದ್ಯಕ್ಕಿರುವುದು ಡಬ್ಲಿನ್ ಕೋರ್ ಎಂಬ ವಿವರಣಾ ಮಾನದಂಡದ 15 ಅಂಶಗಳ ಎಕ್ಸೆಲ್ ಹಾಳೆ. ದೀರ್ಘಕಾಲದ ಸಂರಕ್ಷಣೆಗೆಂದು ಸೇರಿಸುತ್ತಾ ಹೋಗಿ ಕರಡು 62 ಕಾಲಂ ಆಗಿದೆ. ಕಡ್ಡಾಯ ಮಾಡಬೇಕಾದವು ಯಾವುವು? ಮಾಹಿತಿಯನ್ನು ಟಿಫ್ ಒಳಗೇ ಬರೆಯಬೇಕೋ, ಹೊರಗಿಡಬೇಕೋ?

ಕಡತಕಾವಲು:
62 ಕಾಲಂ ಇಟ್ಟರೆ ಅರ್ಧಕ್ಕರ್ಧ ಖಾಲಿ ಬೀಳುತ್ತವೆ, ಉಳಿದವನ್ನು ಒಬ್ಬೊಬ್ಬರು ಒಂದೊಂದು ಥರ ತುಂಬುತ್ತಾರೆ. ಪ್ರತಿ ಕಾಲಂಗೂ ಎರಡು ಪ್ರಶ್ನೆ ಹಾಕಿ: ಮುಂದೆ ಯಾವ ನಿರ್ಧಾರಕ್ಕೆ ಇದು ಬೇಕು? ತುಂಬುವುದು ಯಂತ್ರವೋ ಮನುಷ್ಯರೋ? ಮೊದಲನೆಯದಕ್ಕೆ ಉತ್ತರವಿಲ್ಲದಿದ್ದರೆ ತೆಗೆದುಹಾಕಿ.

ಡಬ್ಲಿನ್ ಕೋರ್ ವಸ್ತುವನ್ನು ಹುಡುಕಿಕೊಡುತ್ತದೆ. ಇಪ್ಪತ್ತು ವರ್ಷದ ಮೇಲೆ ಅದು ತೆರೆದುಕೊಂಡೀತೇ, ನಡುವೆ ಯಾರಾದರೂ ಕೈಯಾಡಿಸಿದರೇ ಎಂಬುದಕ್ಕೆ ಅದರಲ್ಲಿ ಜಾಗವಿಲ್ಲ. ಆ ಕೆಲಸಕ್ಕೆ ಪ್ರೆಮಿಸ್ ಎಂಬ ಸಂರಕ್ಷಣಾ ಮೆಟಾಡೇಟಾ ಮಾನದಂಡ ಇದೆ. 2005ರಲ್ಲಿ ಮೊದಲ ಆವೃತ್ತಿ, 2015ರಲ್ಲಿ 3.0. ಅದು ಲೋಕವನ್ನು ನಾಲ್ಕಾಗಿ ಕಾಣುತ್ತದೆ: ವಸ್ತು, ಘಟನೆ, ಕರ್ತೃ, ಹಕ್ಕು. ಕರ್ತೃ ಎಂದರೆ ಮನುಷ್ಯರಷ್ಟೇ ಅಲ್ಲ, ಸಾಫ್ಟ್‌ವೇರ್ ಕೂಡ.

ನಿಮ್ಮ ಹಾಳೆಯ ಅಸಲಿ ತೊಂದರೆ ಕಾಲಂಗಳ ಸಂಖ್ಯೆಯಲ್ಲ. ಕೃತಿಯ ಹೆಸರೂ ಕಡತದ ಚೆಕ್‌ಸಮ್ಮೂ (ಕಡತದ ಬೈಟ್‌ಗಳಿಂದ ಲೆಕ್ಕಹಾಕುವ, ಕಡತ ಬದಲಾದರೆ ತಾನೂ ಬದಲಾಗುವ ಸಂಖ್ಯೆ) ಒಂದೇ ಸಾಲಿನಲ್ಲಿ ಕೂತಿರುವುದು. ಪುಟಕ್ಕೊಂದು ಕಡತವಾದರೆ 400 ಪುಟದ ಪ್ರತಿಗೆ ಶೀರ್ಷಿಕೆ 400 ಸಲ ಬರುತ್ತದೆ. ತಪ್ಪೊಂದನ್ನು ಒಂದು ಕಡೆ ತಿದ್ದಿದರೆ 399 ಕಡೆ ಹಾಗೇ ಉಳಿಯುತ್ತದೆ. ಕೃತಿ, ಅದರ ಒಂದು ಡಿಜಿಟಲ್ ರೂಪ (ಟಿಫ್ ಗುಂಪು ಅಥವಾ ಪಿಡಿಎಫ್), ಬಿಡಿ ಕಡತ, ಹೀಗೆ ಮೂರು ಕೋಷ್ಟಕ ಮಾಡಿ ಗುರುತುಸಂಖ್ಯೆಯಿಂದ ಹೊಂದಿಸಿ.

ಕಡತದ ಮಟ್ಟದಲ್ಲಿ ಕಡ್ಡಾಯ ಇಷ್ಟು ಸಾಕು: ಗುರುತುಸಂಖ್ಯೆ, ಚೆಕ್‌ಸಮ್ ಮತ್ತು ಅದರ ಅಲ್ಗಾರಿದಮ್, ಬೈಟ್‌ಗಳಲ್ಲಿ ಗಾತ್ರ, ಫಾರ್ಮ್ಯಾಟ್, ಸೃಷ್ಟಿಸಿದ ತಂತ್ರಾಂಶ ಹಾಗೂ ಅದರ ಆವೃತ್ತಿ, ಯಾವುದರಿಂದ ಹುಟ್ಟಿದ್ದು ಎಂಬ ಸಂಬಂಧ. ಪಿಡಿಎಫ್‌ಗೆ ಪಾಸ್‌ವರ್ಡ್ ಇದ್ದರೆ ಅದನ್ನೂ ದಾಖಲಿಸಿ. ಮರೆತರೆ ಮುಂದೆ ಕಡತ ಇದ್ದೂ ಇಲ್ಲದಂತೆ.

ಬಿಟ್‌ಬೈಟ್:
ಫಾರ್ಮ್ಯಾಟ್ ಕಾಲಂನಲ್ಲಿ ಬರೀ 'ಟಿಫ್' ಎಂದು ಟೈಪ್ ಮಾಡಿಸಬೇಡಿ. ಎಕ್ಸ್‌ಟೆನ್ಷನ್ ಸುಳ್ಳು ಹೇಳಬಲ್ಲದು. ಫಾರ್ಮ್ಯಾಟ್ ಗುರುತಿಸುವ ತಂತ್ರಾಂಶ ಡ್ರಾಯ್ಡ್ ಅಥವಾ ಸೀಗ್‌ಫ್ರೀಡ್ ಓಡಿಸಿ, ಪ್ರೊನಾಮ್ (ಫಾರ್ಮ್ಯಾಟ್‌ಗಳ ನೋಂದಣಿ ಪಟ್ಟಿ) ಸಂಖ್ಯೆಯನ್ನೇ ಹಾಕಿ. ಟಿಫ್‌ಗೆ ಎಫ್‌ಎಂಟಿ/353, ಪಿಡಿಎಫ್/ಎ-1ಬಿಗೆ (ದೀರ್ಘಕಾಲ ಕಾಪಿಡಲೆಂದೇ ಇರುವ ಪಿಡಿಎಫ್ ರೂಪ) ಎಫ್‌ಎಂಟಿ/354. ಯಾವ ಸಿಗ್ನೇಚರ್ ಕಡತದ (ಫಾರ್ಮ್ಯಾಟ್‌ಗಳನ್ನು ಪತ್ತೆಹಚ್ಚುವ ಗುರುತುಗಳ ಪಟ್ಟಿ) ಆವೃತ್ತಿಯಿಂದ ಗುರುತಿಸಿದ್ದು ಎಂಬುದೂ ಬೇಕು, ಏಕೆಂದರೆ ಅದು ಪರಿಷ್ಕೃತವಾದಾಗ ಅದೇ ಕಡತಕ್ಕೆ ಬೇರೆ ಉತ್ತರ ಬರಬಹುದು.

ಗುರುತಿಸಿದ ಮಾತ್ರಕ್ಕೆ ಕಡತ ಸರಿಯಿದೆ ಎಂದಲ್ಲ. ಆ ಪರೀಕ್ಷೆ ಬೇರೆ: ಟಿಫ್‌ಗೆ ಜೆಹೋವ್, ಪಿಡಿಎಫ್/ಎಗೆ ವೆರಾಪಿಡಿಎಫ್. ಇನ್ನು ಟಿಫ್ ಒಂದು ಡಬ್ಬಿ ಇದ್ದಂತೆ. ಒಳಗಿನ ಚಿತ್ರ ಸಂಕುಚಿಸದೆ ಇರಬಹುದು, ಎಲ್‌ಝಡ್‌ಡಬ್ಲ್ಯು ಸಂಕೋಚನ ಇರಬಹುದು, ಜೆಪೆಗ್ ಕೂಡ ಇರಬಹುದು. ಸಂಕೋಚನ, ಬಿಟ್ ಆಳ, ಬಣ್ಣದ ಪ್ರೊಫೈಲ್, ರೆಸಲ್ಯೂಷನ್ ಇವಕ್ಕೆ ಮಿಕ್ಸ್ ಎಂಬ, ಚಿತ್ರಗಳ ತಾಂತ್ರಿಕ ವಿವರಗಳ ಸ್ಕೀಮಾ (ನಮೂನೆ) ಇದೆ. ಯಂತ್ರವೇ ತುಂಬಲಿ.

ಒಳಗೋ ಹೊರಗೋ ಎಂಬುದಕ್ಕೆ: ಟಿಫ್ ಹೆಡರ್‌ನಲ್ಲಿ ಒಂದಕ್ಷರ ತಿದ್ದಿದರೂ ಚೆಕ್‌ಸಮ್ ಬದಲಾಗುತ್ತದೆ. ಚಿತ್ರಕ್ಕೆ ಏನೂ ಆಗಿರುವುದಿಲ್ಲ, ಆದರೆ ತಪಾಸಣೆಯಲ್ಲಿ ಕಡತ ಕೆಟ್ಟಿದೆ ಎಂದೇ ಬರುತ್ತದೆ. ಹಾಗಾಗಿ ಗುರುತುಸಂಖ್ಯೆ ಮಾತ್ರ ಒಳಗೆ, ಅದೂ ಚೆಕ್‌ಸಮ್ ತೆಗೆಯುವ ಮೊದಲೇ. ಶೀರ್ಷಿಕೆ, ವಿಷಯ, ಕಾಲ ಎಲ್ಲ ಹೊರಗೆ.

ಓಲೆಗರಿ:
ಚೆಕ್‌ಸಮ್ ತಪಾಸಣೆ ತಿಂಗಳಿಗೊಮ್ಮೆ ಎಂದುಕೊಂಡಿದ್ದೇವೆ. ಪ್ರತಿಯೊಂದನ್ನೂ ಘಟನೆಯಾಗಿ ಬರೆದರೆ ಟಿಫ್‌ಗಳಿಗೇ ವರ್ಷಕ್ಕೆ 4,80,000 ದಾಖಲೆಯಾಗುತ್ತದಲ್ಲ? ಇದನ್ನೆಲ್ಲ ಎಕ್ಸ್‌ಎಂಎಲ್ (ಟ್ಯಾಗ್ ಹಾಕಿದ ಪಠ್ಯ) ಕಡತಗಳಲ್ಲೇ ಇಡಬೇಕೇ?

ಕಡತಕಾವಲು:
ಬೇಡ. ಪಾಸಾದರೆ ಇಡೀ ಬ್ಯಾಚ್‌ಗೆ ಒಂದೇ ಘಟನೆ: ದಿನಾಂಕ, ಉಪಕರಣ, ಎಷ್ಟು ಕಡತ ನೋಡಿದ್ದು, ಫಲಿತಾಂಶ. ಫೇಲಾದರೆ ಮಾತ್ರ ಆ ಕಡತಕ್ಕೆ ಪ್ರತ್ಯೇಕ ದಾಖಲೆ, ಯಾವ ಪ್ರತಿಯಿಂದ ಸರಿಪಡಿಸಿದ್ದು ಎನ್ನುವುದರ ಸಮೇತ. ಫಾರ್ಮ್ಯಾಟ್ ಬದಲಾವಣೆ, ಅಳಿಸುವಿಕೆ ಇವನ್ನು ಬ್ಯಾಚ್‌ಗೆ ಸೇರಿಸಿ ಮುಗಿಸಬೇಡಿ. ಕಡತಕ್ಕೊಂದು ದಾಖಲೆ ಇರಲೇಬೇಕು.

ಪ್ರೆಮಿಸ್ ಹೇಳುವುದು ಏನು ಗೊತ್ತಿರಬೇಕು ಎಂದು. ಎಲ್ಲಿ, ಹೇಗೆ ಇಡಬೇಕು ಎಂದಲ್ಲ. ಡೇಟಾಬೇಸ್ ಇರಲಿ, ಬೇರೆ ವ್ಯವಸ್ಥೆಗೆ ಕೊಡುವಾಗ ಎಕ್ಸ್‌ಎಂಎಲ್ ತೆಗೆಯಿರಿ. ಮೆಟ್ಸ್ (ಮೆಟಾಡೇಟಾವನ್ನೆಲ್ಲ ಒಟ್ಟುಗೂಡಿಸುವ ಎಕ್ಸ್‌ಎಂಎಲ್ ಹೊದಿಕೆ) ಒಳಗೆ ಸುತ್ತಿದರೆ ಚೆಕ್‌ಸಮ್ ಮತ್ತು ಗಾತ್ರ ಎರಡೆರಡು ಕಡೆ ಬರುತ್ತವೆ. ಹೊಂದದಿದ್ದರೆ ಯಾವುದನ್ನು ನಂಬಬೇಕೆಂದು ಮಾನದಂಡದಲ್ಲೇ ಬರೆದಿಡಿ.

ಒತ್ತಕ್ಷರ:
ಕಡತಗಳಿಗೆ ಕನ್ನಡದ ಹೆಸರಿದ್ದರೆ ಒಂದು ಎಚ್ಚರಿಕೆ. 'ಕೊ' ಎಂಬಲ್ಲಿನ ಒಕಾರವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎರಡಾಗಿ ಒಡೆದೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಕೆಲವು ಕಡತ ವ್ಯವಸ್ಥೆಗಳು ಒಡೆದ ರೂಪವನ್ನೇ ಇಡುತ್ತವೆ. ಬ್ಯಾಗಿಟ್ (ಕಡತಗಳನ್ನು ಅವುಗಳ ಚೆಕ್‌ಸಮ್ ಪಟ್ಟಿಯೊಂದಿಗೆ ಕಟ್ಟುವ ವಿಧಾನ) ಪೊಟ್ಟಣದ ಪಟ್ಟಿಯಲ್ಲಿ ಒಂದು ರೂಪ, ಡಿಸ್ಕ್‌ನಲ್ಲಿ ಇನ್ನೊಂದು ಇದ್ದರೆ ಕಡತವೇ ಕಾಣೆ ಎಂಬ ದೋಷ ಬರುತ್ತದೆ. ಕಡತದ ಹೆಸರು ಅಂಕಿಗಳಲ್ಲಿರಲಿ, ಕನ್ನಡದ ಹೆಸರು ಮೆಟಾಡೇಟಾದಲ್ಲಿ ಇರಲಿ.

ಹಾಗೆಂದು ಗುರುತುಸಂಖ್ಯೆಯನ್ನು ಎಕ್ಸೆಲ್‌ನಲ್ಲಿ ಹಾಗೇ ಟೈಪ್ ಮಾಡಬೇಡಿ, 000123 ಹೋಗಿ 123 ಆಗುತ್ತದೆ. ಕಾಲಂ ಅನ್ನು ಮೊದಲೇ ಟೆಕ್ಸ್ಟ್ ಮಾಡಿಕೊಳ್ಳಿ.

ಕರಡನ್ನು 50 ವಸ್ತುಗಳ ಮೇಲೆ ಪ್ರಯೋಗಿಸಿ. ಅರ್ಧಕ್ಕೆ ನಿಂತ ಸ್ಕ್ಯಾನ್, ಪುಟ ತಪ್ಪಿದ ಪ್ರತಿ, ಪಾಸ್‌ವರ್ಡ್ ಇರುವ ಪಿಡಿಎಫ್ ಇವನ್ನು ಬೇಕೆಂದೇ ಸೇರಿಸಿ. ನಂತರ ಎಲ್ಲವನ್ನೂ ಹೊರತೆಗೆದು ಖಾಲಿ ವ್ಯವಸ್ಥೆಯೊಂದಕ್ಕೆ ತುಂಬಿ ನೋಡಿ. ಅಲ್ಲಿ ಕಡತ, ರೂಪ, ಕೃತಿಯ ಸಂಬಂಧ ಮತ್ತೆ ಕೂಡಿಕೊಳ್ಳದಿದ್ದರೆ ಕರಡಿಗೆ 1.0 ಎಂದು ಸಂಖ್ಯೆ ಕೊಡಬೇಡಿ.