ಚಿಮಣಿ ಪೂರ್ತಿ ಒಡೆಯಬೇಕು ಅಂತಾರೆ, ಇನ್ನೊಬ್ಬರಿಗೆ ತೋರಿಸಲೇ?

ಪ್ರಶ್ನೆ (ಕಲಬುರಗಿ, ರೊಟ್ಟಿ ಮಾಡುವವರು):

ಅಣ್ಣಾರೆ, ಶರಣು. ನಾವು ಮನೆಯಲ್ಲೇ ಜೋಳದ ರೊಟ್ಟಿ ಮಾಡಿ ಖಾನಾವಳಿಗಳಿಗೆ ಕೊಡುತ್ತೇವೆ. ಕಟ್ಟಿಗೆ ಒಲೆ, ಎರಡು ಹಂಚು, ಹಿಂದೆ ಇಟ್ಟಿಗೆಯ ಚಿಮಣಿ. ನಮ್ಮ ಮಾವನವರು ಕಟ್ಟಿಸಿದ್ದು. ಈ ಬೇಸಿಗೆಯಿಂದ ಹೊಗೆ ಮೇಲೆ ಹೋಗದೆ ಅಡುಗೆಮನೆಗೇ ವಾಪಸ್ ಬರುತ್ತಿದೆ. ಕಣ್ಣು ಬಿಡಲು ಆಗುವುದಿಲ್ಲ. ಮಾಳಿಗೆಯ ಹತ್ತಿರ ಚಿಮಣಿಗೆ ಉದ್ದಕ್ಕೆ ಒಂದು ಬಿರುಕೂ ಬಂದಿದೆ. ಗೌಂಡಿಯವರನ್ನು ಕರೆಸಿದೆವು. ಕೆಳಗೆ ನಿಂತೇ ನೋಡಿ, "ಇದು ಹೋಯ್ತು, ಪೂರ್ತಿ ಒಡೆದು ತಗಡಿನ ಕೊಳವೆ ಹಾಕಬೇಕು, 38,000 ರೂಪಾಯಿ ಆಗುತ್ತೆ" ಅಂದರು. ನಮಗೆ ಅದು ದೊಡ್ಡ ದುಡ್ಡು. ಇನ್ನೊಬ್ಬರಿಗೆ ತೋರಿಸೋಣ ಅಂದರೆ ಇವರು ಗೊತ್ತಿರುವ ಮನುಷ್ಯ, ಬೇಜಾರು ಮಾಡಿಕೊಳ್ಳುತ್ತಾರೆ ಅಂತ ಮನೆಯವರು ಹಿಂದೆ ಸರಿಯುತ್ತಿದ್ದಾರೆ. ಏನು ಮಾಡಲಿ?

ಉತ್ತರ (ಒಲೆ, ಭಟ್ಟಿ, ಚಿಮಣಿ ಕೆಲಸದವರು):

ಶರಣು ಅಕ್ಕಾರೆ. ಇನ್ನೂ ಒಡೆಸಬೇಡಿ. ಅಡ್ವಾನ್ಸ್ ಕೊಟ್ಟಿಲ್ಲ ಅಲ್ವಾ? ಒಡೆದು ಹಾಕಿದ ಮೇಲೆ ಅದು ರಿಪೇರಿಗೆ ಬರುತ್ತಿತ್ತೋ ಇಲ್ಲವೋ ಅಂತ ಯಾರೂ ಹೇಳಲು ಆಗುವುದಿಲ್ಲ.

ಆ ಗೌಂಡಿಯವರು ಹೇಳಿದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ. ನಿಜವೂ ಇರಬಹುದು. ಆದರೆ ಮಾಳಿಗೆ ಹತ್ತಬೇಕು, ಮಸಿ ತೆಗೆಯಬೇಕು, ಒಳಗೆ ಬೆಳಕು ಬಿಟ್ಟು ನೋಡಬೇಕು. ಇದನ್ನೆಲ್ಲ ಮಾಡದೆ ಚಿಮಣಿ ಹೋಗಿದೆ ಅನ್ನುವುದು ಅಂದಾಜಿನ ಮಾತು. ಅದೂ ಅಲ್ಲದೆ, ನೀವು ಹೇಳಿದ್ದರಲ್ಲಿ ಎರಡು ತೊಂದರೆ ಇವೆ. ಹೊಗೆ ವಾಪಸ್ ಬರುವುದು ಒಂದು, ಬಿರುಕು ಇನ್ನೊಂದು. ಎರಡಕ್ಕೂ ಒಂದೇ ಕಾರಣ ಇರಬೇಕು ಅಂತೇನಿಲ್ಲ.

ಇನ್ನೊಬ್ಬರಿಗೆ ಖಂಡಿತ ತೋರಿಸಿ. ಆದರೆ ಹೇಗೆ ತೋರಿಸುತ್ತೀರಿ ಅನ್ನುವುದರಲ್ಲೇ ಎಲ್ಲ ಇದೆ. ನಮ್ಮ ಕಡೆ ಜನ ಏನು ಮಾಡುತ್ತಾರೆ? ಮೂವರನ್ನು ಕರೆದು "ಚಿಮಣಿ ಒಡೆದು ಹೊಸದು ಹಾಕಬೇಕು, ಎಷ್ಟು ತಗೋತೀರಿ" ಅಂತ ಕೇಳುತ್ತಾರೆ. ಯಾರು ಕಡಿಮೆ ಹೇಳಿದರೋ ಅವರಿಗೆ ಕೆಲಸ. ಅಲ್ಲಿ ಮೂರು ರೇಟು ಸಿಕ್ಕಿತು, ಅಷ್ಟೇ. ಒಡೆಯಬೇಕಾ ಬೇಡವಾ ಅಂತ ಆ ಮೂವರಲ್ಲಿ ಒಬ್ಬರೂ ನೋಡಲೇ ಇಲ್ಲ. ನೀವು "ಹೊಗೆ ವಾಪಸ್ ಬರುತ್ತಿದೆ, ಯಾಕೆ ಅಂತ ನೋಡಿ" ಅಂತ ಮಾತ್ರ ಹೇಳಿ. ಮೊದಲಿನವರು ಏನಂದರು, ಎಷ್ಟು ಕೇಳಿದರು ಅಂತ ಬಾಯಿ ಬಿಡಬೇಡಿ. ನೋಡುವುದಕ್ಕೆ ಅಂತ ಬೇರೆ ಕೂಲಿ ಕೊಡಿ. ಕೆಲಸ ನಿಮಗೇ ಕೊಡುತ್ತೇವೆ ಅಂತ ಮಾತು ಕೊಡಬೇಡಿ. ಆಗ ಅವರಿಗೆ ಸಣ್ಣ ಕೆಲಸವನ್ನು ದೊಡ್ಡದು ಮಾಡುವ ಆಸೆ ಇರುವುದಿಲ್ಲ. ಎಲ್ಲಿ ಕೆಟ್ಟಿದೆಯೋ ಆ ಜಾಗದ ಫೋಟೋ ಮೊಬೈಲಲ್ಲಿ ತೆಗೆಸಿಕೊಳ್ಳಿ. "ಅಷ್ಟು ಜಾಗ ಮಾತ್ರ ರಿಪೇರಿ ಮಾಡಿದರೆ ಏನಾಗುತ್ತೆ?" ಅಂತ ಕೇಳಿ. ಈ ಒಂದು ಪ್ರಶ್ನೆಗೆ ಕೊಡುವ ಉತ್ತರದಲ್ಲೇ ಕೆಲಸ ಬಲ್ಲವರು ಯಾರು ಅಂತ ಗೊತ್ತಾಗುತ್ತದೆ.

ಬೇಜಾರಿನ ಮಾತು: ಕೆಲಸ ಗೊತ್ತಿರುವವರು ಇದಕ್ಕೆಲ್ಲ ಬೇಜಾರು ಮಾಡಿಕೊಳ್ಳುವುದಿಲ್ಲ. ದೊಡ್ಡ ಕೆಲಸ ಇದ್ದರೆ ಇನ್ನೊಬ್ಬರಿಗೂ ತೋರಿಸಿ ಅಂತ ನಾನೇ ಹೇಳುತ್ತೇನೆ. "ದುಡ್ಡು ಜಾಸ್ತಿ ಆಗುತ್ತೆ, ಇನ್ನೊಬ್ಬರಿಗೆ ತೋರಿಸಿ ಹೇಳುತ್ತೇವೆ" ಅಂತ ನೇರವಾಗಿ ಹೇಳಿ. ಮುಚ್ಚಿಟ್ಟರೇ ಬೇಜಾರಾಗುವುದು.

ಅದಕ್ಕೂ ಮೊದಲು ಇಷ್ಟು ಹೇಳಿ. ಅಡುಗೆಮನೆಗೆ ಎಕ್ಸಾಸ್ಟ್ ಫ್ಯಾನ್ ಹಾಕಿಸಿದ್ದೀರಾ? ಪಕ್ಕದಲ್ಲಿ ಯಾರಾದರೂ ಮಹಡಿ ಏರಿಸಿದರಾ? ಏನು ಉರಿಸುತ್ತೀರಿ? ಮಸಿ ತೆಗೆಸಿದ್ದು ಯಾವಾಗ?

ಪ್ರಶ್ನೆ ಕೇಳಿದವರು:

ಫ್ಯಾನ್ ಹಾಕಿಸಿದ್ದೇವೆ ಅಣ್ಣಾರೆ, ಈ ಬೇಸಿಗೆಯಲ್ಲೇ. ಸೆಕೆ ತಡೆಯಲು ಆಗಲಿಲ್ಲ. ಪಕ್ಕದವರು ಮಹಡಿ ಏನೂ ಏರಿಸಿಲ್ಲ. ನಾವೇ ಮಾಳಿಗೆ ಮೇಲೆ ಚಿಮಣಿ ಪಕ್ಕದಲ್ಲಿ ನೀರಿನ ಟ್ಯಾಂಕಿಗೆ ಕಟ್ಟೆ ಕಟ್ಟಿಸಿದೆವು. ಉರಿಸುವುದು ತೊಗರಿ ಕಟ್ಟಿಗೆ, ಅದು ಮುಗಿದರೆ ಜಾಲಿ. ಮಸಿ ತೆಗೆಸಿದ್ದು ನೆನಪೇ ಇಲ್ಲ.

ಉತ್ತರ:

ಹಾಗಾದರೆ ಮೊದಲು ಫ್ಯಾನ್ ನೋಡೋಣ. ಫ್ಯಾನ್ ಅಡುಗೆಮನೆಯ ಗಾಳಿಯನ್ನು ಹೊರಗೆ ದಬ್ಬುತ್ತದೆ. ಹೋದಷ್ಟು ಗಾಳಿ ಎಲ್ಲಿಂದಲಾದರೂ ಒಳಗೆ ಬರಲೇಬೇಕು. ಬಾಗಿಲು, ಕಿಟಕಿ ಮುಚ್ಚಿದ್ದರೆ ಅದು ಚಿಮಣಿಯಿಂದಲೇ ಇಳಿಯುತ್ತದೆ, ಹೊಗೆಯನ್ನೂ ಜೊತೆಗೆ ತರುತ್ತದೆ. ನಾಳೆ ಒಲೆ ಹಚ್ಚುವ ಮೊದಲು ಒಂದು ಊದಿನಕಡ್ಡಿ ಹಚ್ಚಿ ಒಲೆಯ ಬಾಯಿಯ ಹತ್ತಿರ ಹಿಡಿಯಿರಿ. ಫ್ಯಾನ್ ಬಂದ್ ಇದ್ದಾಗ ಹೊಗೆ ಎತ್ತ ಹೋಗುತ್ತದೆ, ಚಾಲೂ ಇದ್ದಾಗ ಎತ್ತ ಹೋಗುತ್ತದೆ ನೋಡಿ. ಒಲೆ ಉರಿಯುವಾಗಲೂ ಹೀಗೇ ಮಾಡಿ. ಫ್ಯಾನ್ ಹಾಕಿದಾಗ ಹೊಗೆ ನಿಮ್ಮ ಕಡೆ ತಿರುಗಿದರೆ ಕಾರಣ ಸಿಕ್ಕಿತು. ಒಲೆಗೆ ಹತ್ತಿರದ ಕಿಟಕಿ ತೆರೆದಿಡಿ, ಇಲ್ಲವೇ ಒಲೆ ಉರಿಯುವಾಗ ಫ್ಯಾನ್ ಬಂದ್ ಮಾಡಿ.

ಬೇಸಿಗೆಯದೂ ಒಂದು ಪಾಲಿದೆ. ಚಿಮಣಿ ಹೊಗೆ ಎಳೆಯುವುದು ಒಳಗಿನ ಬಿಸಿಗೂ ಹೊರಗಿನ ಬಿಸಿಗೂ ಇರುವ ಅಂತರದಿಂದ. ನಮ್ಮಲ್ಲಿ ಹೊರಗೇ 42, 43 ಡಿಗ್ರಿ ಇದ್ದಾಗ ಆ ಎಳೆತ ಕಮ್ಮಿ. ಮೊದಲು ನಾಲ್ಕು ಕಾಗದ ಅಥವಾ ಒಣ ತೊಗರಿ ಕಡ್ಡಿಯನ್ನು ಚಿಮಣಿಯ ಬುಡದಲ್ಲಿ ಉರಿಸಿ, ಕೊಳವೆ ಬಿಸಿಯಾದ ಮೇಲೆ ದೊಡ್ಡ ಕಟ್ಟಿಗೆ ಇಡಿ.

ಟ್ಯಾಂಕಿನ ಕಟ್ಟೆ ಎಷ್ಟು ಎತ್ತರ ಇದೆ ಅಳೆಯಿರಿ. ಅಮೆರಿಕದಲ್ಲಿ ಕಟ್ಟಿಗೆ ಒಲೆಯ ಚಿಮಣಿಗೆ ಒಂದು ನಿಯಮ ಇದೆ: ಮಾಳಿಗೆಯಿಂದ ಹೊರಬಂದ ಜಾಗದಿಂದ ಕನಿಷ್ಠ 3 ಅಡಿ ಎತ್ತರ ಇರಬೇಕು, ಸುತ್ತ 10 ಅಡಿಯೊಳಗೆ ಕಟ್ಟಡದ ಯಾವ ಭಾಗ ಇದ್ದರೂ ಅದಕ್ಕಿಂತ 2 ಅಡಿ ಮೇಲಿರಬೇಕು. ಗಾಳಿ ಎಲ್ಲಿ ಬೀಸಿದರೂ ಒಂದೇ ಅಲ್ವಾ, ನಮಗೂ ಈ ಲೆಕ್ಕ ಸರಿಹೊಂದುತ್ತದೆ. ಕಟ್ಟೆಗಿಂತ ಚಿಮಣಿ ತಗ್ಗಿನಲ್ಲಿದ್ದರೆ ಅಲ್ಲಿ ಬಡಿದ ಗಾಳಿ ಸುತ್ತಿಕೊಂಡು ಚಿಮಣಿಯೊಳಗೆ ಇಳಿಯುತ್ತದೆ. ಕಟ್ಟೆಗಿಂತ ಎರಡು ಅಡಿ ಮೇಲೆ ಬರುವಷ್ಟು ಏರಿಸಿದರೆ ಸಾಕು. ಅದಕ್ಕೆ ಕೆಳಗಿನದನ್ನು ಒಡೆಯಬೇಕಾಗಿಲ್ಲ.

ಮಸಿಯನ್ನು ಮಾತ್ರ ಈ ವಾರವೇ ತೆಗೆಸಿ. ಹಸಿ ಜಾಲಿ ಉರಿಸಿದರೆ ಹೊಗೆ ತಣ್ಣಗಿನ ಇಟ್ಟಿಗೆಗೆ ತಾಗಿ ಡಾಂಬರಿನ ಹಾಗೆ ಅಂಟುತ್ತದೆ. ಅದಕ್ಕೆ ಕ್ರಿಯೋಸೋಟ್ ಅನ್ನುತ್ತಾರೆ. ಒಳಗೆ 3 ಮಿಲಿಮೀಟರ್ ದಪ್ಪ ಆಯಿತೆಂದರೆ ತೆಗೆಸಲೇಬೇಕು. ಅದಕ್ಕೇ ಬೆಂಕಿ ಹತ್ತಿದರೆ ಚಿಮಣಿಯೊಳಗೆ 1,000 ಡಿಗ್ರಿ ದಾಟುತ್ತದೆ, ಭರ್ರನೆ ಸದ್ದು ಬರುತ್ತದೆ. ಆಗ ಮೇಲಿಂದ ನೀರು ಸುರಿಯಬೇಡಿ, ಇಟ್ಟಿಗೆ ಸಿಡಿಯುತ್ತದೆ. ಒಲೆಯ ಬಾಯಿ ಮುಚ್ಚಿ, ಎಲ್ಲರೂ ಹೊರಗೆ ಬಂದು 101ಕ್ಕೆ ಫೋನ್ ಮಾಡಿ.

ಈಗ ಬಿರುಕು. ನಿಮ್ಮ ಮನೆ ಎರೆ ಮಣ್ಣಿನ ಮೇಲಿದ್ದರೆ ನನಗೆ ಆಶ್ಚರ್ಯ ಇಲ್ಲ. ಎರೆ ಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಅದರ ಜೊತೆ ಗೋಡೆಯೂ ಅಲುಗುತ್ತದೆ. ಈ ಬಿರುಕು ಬೆಳೆಯುತ್ತಿದೆಯಾ, ಹಳೆಯದಾ ಅಂತ ತಿಳಿಯಲು ಸುಲಭ ದಾರಿ ಇದೆ. ಬಿರುಕಿನ ಎರಡು ತುದಿಗೆ ಪೆನ್ಸಿಲಿನಿಂದ ಗೆರೆ ಎಳೆದು ತಾರೀಖು ಬರೆಯಿರಿ. ಮಧ್ಯಕ್ಕೆ ಅಡ್ಡಲಾಗಿ ಒಂದು ತೆಳು ಗಾಜಿನ ಪಟ್ಟಿಯನ್ನು ಎರಡೂ ಬದಿಗೆ ಗಟ್ಟಿಯಾಗಿ ಅಂಟಿಸಿ. ಗೋಡೆ ಅಲುಗಿದರೆ ಗಾಜು ಸೀಳುತ್ತದೆ. ಅಲುಗುವ ಬಿರುಕಿಗೆ ಕಾರಣ ಬುನಾದಿಯಲ್ಲಿರಬಹುದು. ಹಾಗೇ ಬಿಟ್ಟು ಹೊಸ ಕೊಳವೆ ಹಾಕಿದರೆ ಅದೂ ಸಡಿಲಾಗುತ್ತದೆ.

ರಾತ್ರಿ ಒಲೆ ಪೂರ್ತಿ ತಣ್ಣಗಾದ ಮೇಲೆ ಮೇಲಿಂದ ಹಗ್ಗಕ್ಕೆ ಟಾರ್ಚ್ ಕಟ್ಟಿ ಒಳಗೆ ಇಳಿಸಿ. ಹೊರಗೆ ನಿಂತವರಿಗೆ ಬಿರುಕಿನಲ್ಲಿ ಬೆಳಕು ಕಂಡರೆ ಅದು ಆರಪಾರ ಇದೆ ಅಂತ ಅರ್ಥ.

ಶಹಾಬಾದಿನಿಂದ ಒಬ್ಬರು:

ಅಣ್ಣಾರೆ, ನಮ್ಮ ಒಲೆಯ ಒಳಗೆ ಫರ್ಸಿ (ಶಹಾಬಾದ್ ಕಲ್ಲು) ಹಾಕಿಸಿದ್ದೇವೆ. ಕಲ್ಲು ಗಟ್ಟಿ ಅಂತ. ಈಗ ಬಿಳಿ ಪುಡಿ ಉದುರುತ್ತಿದೆ. ಸಿಮೆಂಟಿನಲ್ಲಿ ಮೆತ್ತಬಹುದಾ?

ಉತ್ತರ:

ಬೇಡ. ನಮ್ಮ ಶಹಾಬಾದ್ ಕಲ್ಲು ನೆಲಕ್ಕೆ, ಮಾಳಿಗೆಗೆ ಬಹಳ ಚೆನ್ನ. ಬೆಂಕಿಯ ಎದುರಿಗೆ ಮಾತ್ರ ಅಲ್ಲ. ಅದು ಸುಣ್ಣದ ಕಲ್ಲು. 800, 900 ಡಿಗ್ರಿ ಕಾವು ತಾಗಿದರೆ ಸುಟ್ಟು ಸುಣ್ಣವಾಗುತ್ತದೆ. ವಾಡಿ, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳಲ್ಲಿ ಸುಡುವುದೂ ಸುಣ್ಣದ ಕಲ್ಲನ್ನೇ. ಸಿಮೆಂಟೂ ಜಾಸ್ತಿ ಕಾವಿಗೆ ಶಕ್ತಿ ಕಳೆದುಕೊಂಡು ಪುಡಿಯಾಗುತ್ತದೆ. ಬೆಂಕಿ ತಾಗುವ ಕಡೆ ಫೈರ್ ಬ್ರಿಕ್ (ಕಾವು ತಡೆಯುವ ಇಟ್ಟಿಗೆ) ಇಡಿಸಿ, ಮಣ್ಣಿನ ಗಾರೆಯಲ್ಲಿ ಕಟ್ಟಿಸಿ. ಹುತ್ತದ ಮಣ್ಣಿಗೆ ಮರಳು, ಸಣ್ಣಗೆ ಕತ್ತರಿಸಿದ ಹುಲ್ಲು ಸೇರಿಸಿದರೆ ಒಳ್ಳೆಯದು. ಎರೆ ಮಣ್ಣು ಒಣಗಿದಾಗ ಸೀಳುತ್ತದೆ, ಅದನ್ನು ತರಬೇಡಿ.

ಬೀದರಿನಿಂದ ಒಬ್ಬರು:

ನಮ್ಮದು ಹಳೆಯ ಹೊಗೆರಹಿತ ಒಲೆ. ಕೊಳವೆ ಕಲ್ನಾರಿನದು (ಆಸ್ಬೆಸ್ಟಾಸ್), ಒಂದು ಕಡೆ ಸೀಳಿದೆ. ಅಷ್ಟು ಭಾಗ ಕೊಯ್ದು ತೆಗೆಯಬಹುದಾ ಸರ್?

ಉತ್ತರ:

ಒಣಗಿದ್ದಾಗ ಕೊಯ್ಯಬೇಡಿ, ಉಜ್ಜಬೇಡಿ, ಒಡೆಯಲೂ ಬೇಡಿ. ಕಲ್ನಾರಿನ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಕ್ಯಾನ್ಸರ್ ಬರಬಹುದು. ನೀರು ಹಾಕಿ ಪೂರ್ತಿ ನೆನೆಸಿ, ಜೋಡಣೆಯ ಹತ್ತಿರ ಬಿಡಿಸಿ ಇಡೀ ತುಂಡನ್ನೇ ತೆಗೆಸಿ. ಮಕ್ಕಳನ್ನು ಹತ್ತಿರ ಬಿಡಬೇಡಿ. ಇದರಲ್ಲಿ ರಿಪೇರಿ ಮಾತು ಬೇಡ, ಬದಲಿಸುವುದೇ ಸರಿ.

ಪ್ರಶ್ನೆ ಕೇಳಿದವರು:

ಅಣ್ಣಾರೆ, ನೀವು ಹೇಳಿದ ಹಾಗೆ ನೋಡಿದೆವು. ಫ್ಯಾನ್ ಬಂದ್ ಮಾಡಿ ಕಿಟಕಿ ತೆರೆದರೆ ಹೊಗೆ ಬಹಳ ಕಡಿಮೆ. ಆದರೆ ಟಾರ್ಚ್ ಬಿಟ್ಟಾಗ ಮಾಳಿಗೆಗಿಂತ ಸ್ವಲ್ಪ ಕೆಳಗೆ ಬಿರುಕಿನಲ್ಲಿ ಬೆಳಕು ಕಂಡಿತು. ಈಗ?

ಉತ್ತರ:

ಹಾಗಾದರೆ ರಿಪೇರಿ ಆಗುವವರೆಗೆ ಆ ಒಲೆ ಹಚ್ಚಬೇಡಿ ಅಕ್ಕಾರೆ. ಆರ್ಡರ್ ನಿಲ್ಲುತ್ತದೆ ಅಂತ ಗೊತ್ತು. ಅಂಗಳದಲ್ಲಿ ತಾತ್ಕಾಲಿಕ ಒಲೆ ಹೂಡಿ. ಆ ಬಿರುಕಿನಿಂದ ಬರುವುದು ಕಣ್ಣಿಗೆ ಕಾಣುವ ಹೊಗೆ ಮಾತ್ರ ಅಲ್ಲ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಒಲೆ ಮುಂದೆ ಕೂತವರಿಗೆ ತಲೆನೋವು, ಹೊಟ್ಟೆ ತೊಳಸು ಬರುತ್ತಿದ್ದರೆ ದಣಿವು ಅಂತ ಸುಮ್ನೆ ಬಿಡಬೇಡಿ. ಆ ಬಿರುಕಿನ ಹತ್ತಿರ ಮರದ ತೊಲೆ ಇದೆಯಾ ಅಂತಲೂ ನೋಡಿ. ಇದ್ದರೆ ಅದಕ್ಕೆ ಬೆಂಕಿ ಹತ್ತುವ ಭಯವೂ ಇದೆ.

ಈಗ ಎರಡನೆಯವರನ್ನು ಕರೆಸಿ. ಮೊದಲು ಅವರೇ ನೋಡಲಿ. ಆಮೇಲೆ ಬೆಳಕು ಕಂಡ ಜಾಗ ತೋರಿಸಿ, "ಬಿರುಕಿನ ಕೆಳಗಿನ ಇಟ್ಟಿಗೆ ಗಟ್ಟಿ ಇದ್ದರೆ ಅಲ್ಲಿಂದ ಮೇಲೆ ಮಾತ್ರ ಬಿಚ್ಚಿ ಕಟ್ಟಬಹುದಾ?" ಅಂತ ಕೇಳಿ. ನೀವು ಹೇಳಿದ್ದನ್ನು ನೋಡಿದರೆ ಅಷ್ಟೇ ಸಾಕು ಅಂತ ನನಗೆ ಅನ್ನಿಸುತ್ತದೆ, ಆದರೆ ಇಟ್ಟಿಗೆ ಮುಟ್ಟಿ ನೋಡಿದವರ ಮಾತೇ ದೊಡ್ಡದು. ಬಿಚ್ಚಿದಾಗಲೇ ಟ್ಯಾಂಕಿನ ಕಟ್ಟೆಗಿಂತ ಮೇಲಕ್ಕೆ ಏರಿಸಿ, ತುದಿಗೆ ಮಳೆ ಟೊಪ್ಪಿ ಹಾಕಿಸಿ. ಎರಡನೆಯವರೂ ಪೂರ್ತಿ ಒಡೆಯಲೇಬೇಕು ಅಂದು, ಕಾರಣ ತೋರಿಸಿದರೆ, ಆಗ ಒಡೆಸಿ. ಕೊಳವೆಗೆ ಜಿಐ ತಗಡು (ಸತು ಲೇಪಿಸಿದ ಕಬ್ಬಿಣದ ತಗಡು) ಬೇಡ ಅನ್ನಿ. ಅದರ ಮೇಲಿನ ಸತು 420 ಡಿಗ್ರಿಗೆ ಕರಗುತ್ತದೆ, ಮಸಿಯ ಹುಳಿಗೆ ತಗಡು ಬೇಗ ತುಕ್ಕು ಹಿಡಿಯುತ್ತದೆ. 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಹಾಕುತ್ತಾರಾ ಕೇಳಿ, ಎಷ್ಟು ದಪ್ಪ ಅಂತ ಚೀಟಿಯಲ್ಲಿ ಬರೆಸಿಕೊಳ್ಳಿ. ಮೊದಲಿನ ಗೌಂಡಿಯವರು ಇದೇ ಕೆಲಸಕ್ಕೆ ಒಪ್ಪಿದರೆ ಅವರಿಗೇ ಕೊಡಿ, ಮನೆಯವರಿಗೂ ಸಮಾಧಾನ ಆಗುತ್ತದೆ. ಕಟ್ಟಿದ ಮೇಲೆ ಗಾರೆ ಪೂರ್ತಿ ಒಣಗುವವರೆಗೆ ದೊಡ್ಡ ಉರಿ ಹಾಕಬೇಡಿ. ಮೊದಲು ಸಣ್ಣ ಉರಿಯಲ್ಲಿ ಕಾಯಿಸಿ.