ಪದ ಬೇಕು: ಐಪ್ಯಾಡಿನ ‘ಮ್ಯಾಗ್ನಿಫೈಯರ್’

ಬಳಗಕ್ಕೆ ನಮಸ್ಕಾರ. ವಾಚನಾಲಯವೊಂದರಲ್ಲಿ ದೃಷ್ಟಿ ಮಂದವಾದವರಿಗಾಗಿ ಸ್ಟ್ಯಾಂಡಿನ ಮೇಲೆ ಐಪ್ಯಾಡ್ ಇಡುತ್ತಿದ್ದೇವೆ. ಪಕ್ಕದ ಬೋರ್ಡು ನಾಳೆ ಪೇಂಟರ್ ಕೈಗೆ ಹೋಗಬೇಕು. ತೊಡಕು ಏನೆಂದರೆ, ಅದರಲ್ಲಿ ದೊಡ್ಡದು ಮಾಡಿ ತೋರಿಸುವ ಸೌಲಭ್ಯ ಎರಡಿವೆ. ‘ಝೂಮ್’ ಪರದೆಯ ಮೇಲಿರುವುದನ್ನಷ್ಟೇ ದೊಡ್ಡದು ಮಾಡುತ್ತದೆ. ಮೂರು ಬೆರಳು ಕೂಡಿಸಿ ಎರಡು ಸಲ ತಟ್ಟಬೇಕು. ‘ಮ್ಯಾಗ್ನಿಫೈಯರ್’ ಕ್ಯಾಮೆರಾ ತೆರೆದು ಎದುರಿನ ಪುಸ್ತಕ, ಗುಳಿಗೆ ಸ್ಟ್ರಿಪ್ಪಿನ ತಾರೀಖು, ಕಸೂತಿಯ ಎಳೆ ತೋರಿಸುತ್ತದೆ. ಮೇಲಿನ ಬಟನ್ ಮೂರು ಸಲ ಒತ್ತಬೇಕು. ಎರಡಕ್ಕೂ ‘ವರ್ಧಕ’ ಎಂದರೆ ಗೊಂದಲ. ಬೇರೆ ಬೇರೆ ಪದ ಹೇಳಿ.
— ವಿ.ಜಿ., ಧಾರವಾಡ

ಭೂತಗನ್ನಡಿ. ಇದ್ದ ಪದ ಬಿಟ್ಟು ಹೊಸದು ಯಾಕ ಹುಡುಕ್ತೀರಿ?
— ಬೆಟಗೇರಿ

ಅದು ಅರಿಸಮಾಸ, ಸಂಸ್ಕೃತದ ‘ಭೂತ’ಕ್ಕೆ ಕನ್ನಡದ ‘ಕನ್ನಡಿ’ ಕೂಡಿಸಿದ್ದು. ಅಲ್ಲದೆ ಕನ್ನಡಿ ಎಂದರೆ ಪ್ರತಿಬಿಂಬ ತೋರುವಂಥದ್ದು. ಇಲ್ಲಿ ಕನ್ನಡಿ ಎಲ್ಲಿದೆ? ‘ಹಿಗ್ಗುನೋಟ’ ಅಚ್ಚಗನ್ನಡ.
— ಕೆ., ರಾಣೆಬೆನ್ನೂರು

ಹಿಗ್ಗುನೋಟ ಅಂದ್ರ ಸಂತೋಷದ ನೋಟ ಅಂತ ತಿಳೀತಾರ. ದುರ್ಬೀನು ಅಂತ ಬರೀರಿ ಸರ, ಮುದುಕರಿಗೂ ಗೊತ್ತು.
— ಹಳೇ ಹುಬ್ಬಳ್ಳಿ

ಫಾರಸಿಯ ‘ದೂರ್’ ಎಂದರೆ ದೂರ, ‘ಬೀನ್’ ಎಂದರೆ ನೋಡುವ. ಗೇಣು ದೂರದ ಚೀಟಿಗೆ ದುರ್ಬೀನೇ? ಸಾಲ ತರುವುದಾದರೆ ಅರ್ಥ ನೋಡಿ ತನ್ನಿ.
— ಕೆ.

ಲೆನ್ಸಿಗೆ ನಾವು ಅನ್ನೂ ಸಂಸ್ಕೃತದ ‘ಮಸೂರ’ ಅಂದ್ರೂ ಬ್ಯಾಳಿ. ಲ್ಯಾಟಿನ್ನಿನ ‘ಲೆನ್ಸ್’ ಕೂಡ ಅದೇ ಬ್ಯಾಳಿ. ಅದನ್ನೂ ಕೈಬಿಡ್ತೀರೇನು? ಸಂಸ್ಕೃತಕ್ಕ ಬಾಗಿಲ ತೆರೆದು ಫಾರಸಿಗೆ ಮುಚ್ಚೂದು ಯಾವ ನ್ಯಾಯ?
— ಹಳೇ ಹುಬ್ಬಳ್ಳಿ

ವಿ.ಜಿ. ಅವರೇ, ಪದಕ್ಕಿಂತ ಮೊದಲು ಸೆಟ್ಟಿಂಗ್ಸ್ ನೋಡಿ. ಮೂರು ಸಲ ಒತ್ತಿದಾಗ ಯಾವುದು ತೆರೆಯಬೇಕೆಂದು ಆರಿಸುವ ‘ಆಕ್ಸೆಸಿಬಿಲಿಟಿ ಶಾರ್ಟ್‌ಕಟ್’ನಲ್ಲಿ ಮ್ಯಾಗ್ನಿಫೈಯರ್ ಒಂದಕ್ಕೇ ಟಿಕ್ ಇರಲಿ. ಎರಡು ಮೂರು ಇದ್ದರೆ ಬಟನ್ ಒತ್ತಿದಾಗ ಪಟ್ಟಿ ಬಂದು ನಿಲ್ಲುತ್ತದೆ, ಮಂದದೃಷ್ಟಿಯವರು ಅಲ್ಲೇ ಸಿಕ್ಕಿಬೀಳುತ್ತಾರೆ. ಹೋಮ್ ಬಟನ್ ಇರುವ ಮಾದರಿಯಾದರೆ ಬೋರ್ಡಿನಲ್ಲಿ ‘ಮೇಲಿನ ಬಟನ್’ ಎಂದು ಬರೆಯಬೇಡಿ, ಅಲ್ಲಿ ಒತ್ತಬೇಕಾದ್ದು ಹೋಮ್. ಝೂಮ್ ಬೇಡವಾದರೆ ಆಫ್ ಮಾಡಿಬಿಡಿ, ಅರ್ಧ ಜಗಳವೇ ಮುಗಿಯಿತು. ಪುಸ್ತಕವನ್ನು ಕ್ಯಾಮೆರಾಕ್ಕೆ ತೀರ ಹತ್ತಿರ ಹಿಡಿದರೆ ಫೋಕಸ್ ಕೂಡುವುದಿಲ್ಲ. ಒಂದು ಗೇಣು ಬಿಟ್ಟು, ಸ್ಲೈಡರಿನಿಂದ ಹಿಗ್ಗಿಸಬೇಕು. ಪೂರ್ತಿ ಎಳೆದರೆ ಅಕ್ಷರ ದೊಡ್ಡದಾಗುತ್ತದೆ, ಆದರೆ ಅಂಚು ಕದಡುತ್ತದೆ. ಐಪ್ಯಾಡಿನ ಎಷ್ಟೋ ಮಾದರಿಗಳಿಗೆ ಫ್ಲ್ಯಾಶ್ ಇಲ್ಲ, ಹಾಳೆಯ ಮೇಲೆ ಅದರದೇ ನೆರಳು ಬೀಳುತ್ತದೆ. ಓರೆಯಿಂದ ಒಂದು ಟೇಬಲ್ ದೀಪ ಇಡಿ. ನೇರ ಬೆಳಕಾದರೆ ಗುಳಿಗೆಯ ಬೇಗಡೆ ಹೊಳೆದು ತಾರೀಖು ಕಾಣುವುದಿಲ್ಲ. ಕೈ ನಡುಗುವವರಿಗೆ ಫ್ರೀಜ್ ಬಟನ್ ಒತ್ತಿ ನಿಂತ ಚಿತ್ರ ಓದುವುದೇ ಸುಲಭ.
— ಎಸ್., ಹಾವೇರಿ

ಉಪಕಾರವಾಯಿತು. ‘ಭೂತಗನ್ನಡಿ: ಮೇಲಿನ ಬಟನ್ ಮೂರು ಸಲ ಒತ್ತಿ’ ಎಂದು ಕೊಡುತ್ತೇನೆ. ಝೂಮ್ ಆಫ್. ಫ್ರೀಜ್‌ಗೆ ‘ಚಿತ್ರ ನಿಲ್ಲಿಸಿ’ ಸಾಕಲ್ಲ?
— ವಿ.ಜಿ.

ಸಾಕು. ಆದರೆ ಮಹಾಪ್ರಾಣ ಬೇಡ, ‘ಬೂತಗನ್ನಡಿ’ ಎಂದು ಬರೆಯಿರಿ. ಆಡುವಂತೆಯೇ ಬರಹ.
— ಕೆ.

‘ಬೂತ’ ಅಂದ್ರ ವೋಟಿನ ಬೂತು, ಮತಗಟ್ಟಿ ಸಾಮಾನು ಅಂತ ತಿಳೀತಾರ. ಭ ಇರ್ಲಿ.
— ಬೆಟಗೇರಿ