ಸೀನನ ಗೋಡೆಗೆ ಲಾಹೋರಿನ ಸಾಕ್ಷಿ

ಸೀನನ ಕಾಂಪೌಂಡ್ ಗೋಡೆಯನ್ನು ಪುರಸಭೆಯವರು ಜೆಸಿಬಿ ತಂದು ಕೆಡವಿದ್ದಾರೆ. ಕೇಸು ನಮ್ಮ ವಕೀಲರ ಕೈಯಲ್ಲಿದೆ. ಅವರು ಬರೆದ ಅರ್ಜಿ ಹಿಡಿದುಕೊಂಡು ಸೀನ ಸಂಜೆ ಜಗಲಿಗೆ ಬಂದ. ಮುಖ ಗಂಟು ಹಾಕಿಕೊಂಡಿದ್ದ.

"ವಕೀಲ್ರೇ, ಬಿದ್ದಿದ್ದು ನನ್ನ ಗೋಡೆ. ಇದರಲ್ಲಿ ಲಾಹೋರ್ ಹೈಕೋರ್ಟಿನ ದರೋಡೆ ಕೇಸು ಯಾಕೆ ಬಂತು? ನಾನೇನು ಕಳ್ಳನಾ?"

"ಅದು ನಜೀರ್ ಅಹ್ಮದ್ ಕೇಸು ಕಣೋ. 1936ರ ಪ್ರಿವಿ ಕೌನ್ಸಿಲ್ ತೀರ್ಪು. ಬ್ರಿಟಿಷರ ಕಾಲದಲ್ಲಿ ಇಲ್ಲಿನ ಹೈಕೋರ್ಟುಗಳ ಮೇಲಿನ ಕೊನೆಯ ಅಪೀಲು ಲಂಡನ್ನಿನ ಆ ಕೋರ್ಟಿಗೇ ಹೋಗುತ್ತಿತ್ತು. ದರೋಡೆ, ಕೊಲೆ ಅಂತ ಅವನಿಗೆ ಗಲ್ಲು ಶಿಕ್ಷೆ ಆಗಿತ್ತು. 'ನನ್ನ ಮುಂದೆ ತಪ್ಪು ಒಪ್ಪಿಕೊಂಡ' ಅಂತ ಮ್ಯಾಜಿಸ್ಟ್ರೇಟರೇ ಸಾಕ್ಷಿ ಹೇಳಿದರು. ಆದರೆ ಕಾನೂನಿನ ಪ್ರಕಾರ ಹೇಳಿಕೆ ಬರೆದುಕೊಂಡಿರಲಿಲ್ಲ. ಏನೋ ಗೀಚಿಕೊಂಡರು, ಸಾರಾಂಶ ಟೈಪ್ ಮಾಡಿಸಿದರು, ಗೀಚಿದ್ದನ್ನು ನಾಶ ಮಾಡಿದರು."

"ನಾನು ಹೀಗೆ ಉತ್ತರಪತ್ರಿಕೆ ನೋಡಿದ್ದರೆ ಸಸ್ಪೆಂಡ್ ಆಗುತ್ತಿದ್ದೆ" ಅಂದರು ಮೇಷ್ಟ್ರು.

"ಲಂಡನ್ನಿನವರು ಹೇಳಿದ್ದೂ ಅದೇ. ಒಂದು ಕೆಲಸ ಹೀಗೇ ಮಾಡು ಅಂತ ಕಾನೂನು ಹೇಳಿದ್ದರೆ ಹಾಗೇ ಮಾಡಬೇಕು. ಇಲ್ಲದಿದ್ದರೆ ಮಾಡಲೇಬಾರದು. ಶಿಕ್ಷೆ ರದ್ದಾಯಿತು. ನೋಟಿಸ್ ಕೊಡದೆ ಗೋಡೆ ಕೆಡವಿದವರಿಗೂ ಅದೇ ಮಾತು."

"ಅಲ್ರೀ, ಬ್ರಿಟಿಷರು ಹೋದರು, ಲಾಹೋರೂ ಹೋಯಿತು. ತೀರ್ಪು ಮಾತ್ರ ಯಾಕೆ ಉಳಿಯಿತು?" ಮೇಷ್ಟ್ರು ಬಿಡಲಿಲ್ಲ. "ಅದೂ ನಮ್ಮದು ಮಹಾರಾಜರ ಸೀಮೆ. ಮೈಸೂರಿನ ಅಪೀಲು ಲಂಡನ್ನಿಗೆ ಹೋಗುತ್ತಲೇ ಇರಲಿಲ್ಲ. ಧಾರವಾಡದವರು ಬಾಂಬೆ ಹೈಕೋರ್ಟ್ ದಾಟಿ ಹೋಗಬೇಕಿತ್ತು, ಮಂಗಳೂರಿನವರು ಮದ್ರಾಸ್ ದಾಟಿ. ಅವರ ಗಂಟು ನಮಗ್ಯಾಕೆ?"

ಮೇಷ್ಟ್ರಿಗೆ ಮಹಾರಾಜರು ಸಿಕ್ಕಿದರೆ ಸಾಕು, ಮಾತು ದಸರಾ ಜಂಬೂ ಸವಾರಿ ಮುಗಿಸಿಯೇ ನಿಲ್ಲುವುದು. ವಕೀಲರು ಅವಸರದಲ್ಲಿ ಬಾಯಿ ಹಾಕಿದರು.

"1949ರಲ್ಲಿ ಅಪೀಲು ಹೋಗುವುದು ನಿಂತಿತು, ಬಂದಿದ್ದ ತೀರ್ಪುಗಳು ನಿಲ್ಲಲಿಲ್ಲ. ಹಳೆಯ ಕಾನೂನು ಬದಲಾಯಿಸುವವರೆಗೆ ನಡೆಯಲಿ ಅಂತ ಸಂವಿಧಾನದ 372ನೇ ವಿಧಿ ಹೇಳಿದೆ. ಸುಪ್ರೀಂ ಕೋರ್ಟ್ ಬೇಡ ಅನ್ನುವವರೆಗೆ ಹೈಕೋರ್ಟುಗಳು ಆ ತೀರ್ಪುಗಳನ್ನು ಪಾಲಿಸುತ್ತವೆ. ಸುಪ್ರೀಂ ಕೋರ್ಟಿಗೆ ಮಾತ್ರ ಆ ಕಟ್ಟು ಇಲ್ಲ."

"ಬೇಡ ಅಂದಿದ್ದು ಉಂಟಾ, ಸುಮ್ನೆ ಹೇಳ್ತೀರಾ?"

"ಉಂಟು. ಗಂಡ ಸತ್ತು ಎಷ್ಟೋ ವರ್ಷದ ಮೇಲೆ ವಿಧವೆ ದತ್ತು ತೆಗೆದುಕೊಂಡರೂ, ಗಂಡ ಸತ್ತ ದಿನದಿಂದಲೇ ಆ ಹುಡುಗ ಅವನ ಮಗ ಅಂತ 1956ರ ಮೊದಲು ಲೆಕ್ಕವಿತ್ತು. 1943ರಲ್ಲಿ ಪ್ರಿವಿ ಕೌನ್ಸಿಲ್ ಇದನ್ನು ಎಳೆದು, ನಡುವೆ ಸತ್ತ ದಾಯಾದಿಯ ಆಸ್ತಿ ಬೇರೆಯವರಿಗೆ ಹೋಗಿದ್ದರೂ ದತ್ತುಮಗ ಕಿತ್ತುಕೊಳ್ಳಬಹುದು ಅಂದಿತು. 1954ರಲ್ಲಿ ಕಾಂಗೋ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ."

"ಆಫ್ರಿಕಾದ ಕೇಸೂ ಇದೆಯಾ?" ಸೀನ ಬೆಚ್ಚಿದ.

"ಕಾಂಗೋ ಅವರ ಮನೆತನದ ಹೆಸರಯ್ಯಾ! ನಿನ್ನ ನಜೀರ್ ಅಹ್ಮದ್ ಕಥೆ ಬೇರೆ. ಆ ತೀರ್ಪಿನ ಮಾತನ್ನು ಸುಪ್ರೀಂ ಕೋರ್ಟೇ ಮತ್ತೆ ಮತ್ತೆ ಎತ್ತಿ ಹಿಡಿದಿದೆ. 141ನೇ ವಿಧಿಯ ಪ್ರಕಾರ ಸುಪ್ರೀಂ ಕೋರ್ಟ್ ಹೇಳಿದ ಕಾನೂನಿಗೆ ಎಲ್ಲ ಕೋರ್ಟುಗಳೂ ತಲೆಬಾಗಬೇಕು. ಹಾಗಾಗಿ ಅದು ಈಗ ಲಂಡನ್ನಿನ ಮಾತಲ್ಲ, ದಿಲ್ಲಿಯದು."

ಸೀನನ ಮುಖ ಅರಳಿತು. "ಹಾಗಾದ್ರೆ ಗೆದ್ದೆವು!"

"ನೋಟಿಸ್ ಬಂದಿಲ್ಲ ಅಂತ ಬರೆದಿದ್ದೇನೆ. ಬಂದಿಲ್ಲ ಅಲ್ವಾ?"

"ಒಂದು ಕವರ್ ಬಂದಿತ್ತು. ನೀರಿನ ಬಿಲ್ ಅಂದುಕೊಂಡು ಫ್ರಿಜ್ ಮೇಲೆ ಇಟ್ಟೆ."

"ಸಹಿ ಹಾಕಿ ತಗೊಂಡ್ಯಾ?"

"ಛೇ, ನಾನು ಹಾಕಲಿಲ್ಲ. ನಮ್ಮತ್ತೆ ಹೆಬ್ಬೆಟ್ಟು ಒತ್ತಿದ್ರು."